ಒಂದು ವಾರದ ತಾಲೀಮು

ಬೀದರ, ಕಲಬುರಗಿ, ರಾಯಚೂರುಗಳ ಕಡೆಯಿಂದ ಈ ಊರಿಗೆ ಬಂದ ನಮ್ಮವರಿಗೆ ತಾಲೀಮು ಎಂಬ ಮಾತನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅರಬ್ಬಿಯಿಂದ ಉರ್ದುವಿಗೆ ಬಂದು, ಅಲ್ಲಿಂದ ನಮ್ಮ ಹಳ್ಳಿಗಳಿಗೆ ಇಳಿದ ಮಾತು ಅದು. ಉರ್ದುವಿನಲ್ಲಿ ಅದರ ಅರ್ಥ ವಿದ್ಯೆ, ಶಿಕ್ಷಣ. ನಮ್ಮ ಕಡೆ ಮಾತ್ರ ಅದು ಶಾಲೆಯನ್ನು ಬಿಟ್ಟು ಗರಡಿಮನೆಯ ಕೆಮ್ಮಣ್ಣಿಗೆ ಇಳಿಯಿತು. ದಂಡ, ಬಸ್ಕಿ, ಲೋಡು, ಮಲ್ಲಗಂಬ ಇವೆಲ್ಲ ತಾಲೀಮಿನ ಸಂಸಾರ. ಮೈಸೂರಿನ ಕಡೆಯವರು ಇದನ್ನೇ ಸಾಮು ಎನ್ನುತ್ತಾರೆ. ನಮ್ಮ ಸಂಘದಲ್ಲಿ ಈ ಶಬ್ದ ಉಳಿದುಕೊಂಡಿರುವುದು ನಾಟಕದವರ ಕೃಪೆಯಿಂದ. ರಾಜ್ಯೋತ್ಸವಕ್ಕೆ ಮೂರು ವಾರ ಮುಂಚೆ ನಾಟಕದ ತಾಲೀಮು ನಡೆಯುತ್ತದೆ, ಚಹಾ ಮತ್ತು ಮಿರ್ಚಿ ಭಜಿಗಳ ಸಮೇತ. ಮೈ ಬೆವರುವ ತಾಲೀಮು ನಮ್ಮಲ್ಲಿ ನಿಂತು ಬಹಳ ವರ್ಷಗಳಾಗಿದ್ದವು.

ಕಳೆದ ಕಾರ್ತಿಕದಲ್ಲಿ ಅದು ಮತ್ತೆ ಆರಂಭವಾದದ್ದು ರಾಜ್ಯೋತ್ಸವದ ಗುಂಪು ಚಿತ್ರವೊಂದರಿಂದ. ಹತ್ತು ವರ್ಷದ ಹಿಂದಿನ ಚಿತ್ರವನ್ನೂ ಈ ವರ್ಷದ ಚಿತ್ರವನ್ನೂ ಯಾರೋ ಪಕ್ಕಪಕ್ಕದಲ್ಲಿ ಇಟ್ಟು ತೋರಿಸಿದರು. ಜನ ಅವರೇ, ಸಾಲು ಮಾತ್ರ ಒಂದೂವರೆ ಪಟ್ಟು ಅಗಲವಾಗಿತ್ತು. ಎಲ್ಲರೂ ನಕ್ಕರು. ನಗದೆ ಇದ್ದವರು ಆರು ಜನ. ಈ ಆರು ಜನವೇ ಒಂದು ವಾರ ಓಡಿ ನೋಡೋಣವೆಂದು ನಿಶ್ಚಯಿಸಿದೆವು.

ಯಾರು ಯಾರೆಂದು ಹೇಳಿಬಿಡುತ್ತೇನೆ; ಹೆಸರುಗಳು ಬೇಡ. ಬ್ಯಾಂಕಿನಲ್ಲಿ ಮ್ಯಾನೇಜರಾಗಿರುವ ರಾಯಚೂರಿನವರು, ವಯಸ್ಸು 54. ಕಾಚಿಗೂಡದಲ್ಲಿ ಮೂರು ತಲೆಮಾರಿನಿಂದ ಅಂಗಡಿ ಇಟ್ಟಿರುವ ಕಲಬುರಗಿಯ ಸಾಹುಕಾರರು. ಕುಂದಾಪುರದಿಂದ ಬಂದು ಹೋಟೆಲು ನಡೆಸುತ್ತಿರುವ ಭಟ್ಟರು. ಮೈಸೂರಿನ ಕಡೆಯ ಶಾಲಾ ಉಪಾಧ್ಯಾಯಿನಿ, ನಮಗೆಲ್ಲ ಟೀಚರಮ್ಮ. ಧಾರವಾಡದವನಾದ ನಾನು, ನಿವೃತ್ತಿಗೆ ಎರಡು ವರ್ಷ ಉಳಿಸಿಕೊಂಡ ನೌಕರ. ಆರನೆಯವಳು ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಶಿವಮೊಗ್ಗೆಯ ಹುಡುಗಿ, ವಯಸ್ಸು 27. ನಮ್ಮನ್ನೆಲ್ಲ ಅಂಕಲ್, ಆಂಟಿ ಎಂದು ಕರೆಯುವವಳು. ಅವಳು ಆಗಸ್ಟಿನಲ್ಲಿ ಇಲ್ಲಿಯ ಅರ್ಧ ಮ್ಯಾರಥಾನ್ ಮುಗಿಸಿದವಳಾದ್ದರಿಂದ ವಯಸ್ಸನ್ನು ನೋಡದೆ ಅವಳನ್ನೇ ಉಸ್ತಾದಳೆಂದು ಒಪ್ಪಿಕೊಂಡೆವು.

ಉಸ್ತಾದಳು ಮೊದಲು ಕೇಳಿದ ಪ್ರಶ್ನೆ ಬೂಟಿನದಲ್ಲ. "ಯಾರಿಗೆ ಶುಗರ್ ಇದೆ, ಯಾರಿಗೆ ಬಿ.ಪಿ. ಇದೆ, ಡಾಕ್ಟರನ್ನು ಕೇಳಿದ್ದೀರಾ?" ನಲವತ್ತು ದಾಟಿದವರು, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರು, ಓಟ ಆರಂಭಿಸುವ ಮುಂಚೆ ವೈದ್ಯರನ್ನು ಕಾಣಬೇಕೆಂಬುದು ಅವಳ ಕಟ್ಟುನಿಟ್ಟು. ನಾನೂ ಭಟ್ಟರೂ ಟೀಚರಮ್ಮನೂ ಹೋಗಿ ತೋರಿಸಿಕೊಂಡು ಬಂದೆವು. ಸಾಹುಕಾರರು ಈಚೆಗೆ ವಿಮೆಯ ಪರೀಕ್ಷೆ ಆಗಿದೆಯೆಂದರು. ರಾಯಚೂರಿನವರು, "ನನ್ನ ರಿಪೋರ್ಟ್ ಎಲ್ಲಾ ಚಲೋ ಅದ" ಎಂದರು.

ಸೋಮವಾರ ಬೆಳಗಿನ ಐದೂವರೆಗೆ ಜ್ಯೂಬಿಲಿ ಹಿಲ್ಸಿನ ಕೆ.ಬಿ.ಆರ್. ಉದ್ಯಾನದ ಹೊರಗೆ ಸೇರಿದೆವು. ಮೆಟ್ರೋ ರೈಲು ಇನ್ನೂ ಹೊರಡದ ಹೊತ್ತು. ಎರಡು ಕಾರುಗಳಲ್ಲಿ ಒಬ್ಬರನ್ನೊಬ್ಬರು ಕರೆದುಕೊಂಡು ಬಂದೆವು. ನಗರದ ನಡುವೆ ಬಂಡೆಗಳೂ ಕುರುಚಲು ಕಾಡೂ ಹಾಗೆಯೇ ಉಳಿದಿರುವ ಸ್ಥಳ ಅದು. ಒಳಗೆ ನಿಜಾಮರ ಮನೆತನದ ಚಿರಾನ್ ಅರಮನೆ. ಗೋಡೆಯ ಆಚೆಯಿಂದ ನವಿಲಿನ ಕೂಗು. ಹೊರಗೆ ಸುತ್ತಲೂ ಕಾಲುದಾರಿ. ಅಷ್ಟು ನಸುಕಿನಲ್ಲಿ ಅಲ್ಲಿ ಎಷ್ಟು ಜನ! ಮಂಕಿ ಟೋಪಿಯ ವೃದ್ಧರು, ಬುರುಖಾದ ಕೆಳಗೆ ಓಟದ ಬೂಟು ತೊಟ್ಟ ಹೆಂಗಸರು, ಚಡ್ಡಿಯ ಹುಡುಗರು. ನಮ್ಮ ಧೈರ್ಯಕ್ಕೆ ಅಷ್ಟು ಸಾಕಾಯಿತು.

ಉಸ್ತಾದಳ ಕ್ರಮ ಹೀಗೆ. ಐದು ನಿಮಿಷ ಚುರುಕು ನಡಿಗೆ. ಅನಂತರ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ. ಹೀಗೆ ಎಂಟು ಆವೃತ್ತಿ, ಒಟ್ಟು 20 ನಿಮಿಷ. ವಾರಕ್ಕೆ ಮೂರು ದಿನ ಮಾತ್ರ, ನಡುವೆ ಒಂದು ದಿನ ಬಿಡುವು. ವಾರ ವಾರ ಓಟದ ಪಾಲು ಹೆಚ್ಚಿ 9 ವಾರದಲ್ಲಿ 5 ಕಿಲೋಮೀಟರು ಓಡುವ ಶಕ್ತಿ ಬರುತ್ತದೆಂದು ಲೆಕ್ಕ. ಇದನ್ನು 1996ರಲ್ಲಿ ಅಮೆರಿಕದ ಜಾಷ್ ಕ್ಲಾರ್ಕ್ ಎಂಬಾತ ಐವತ್ತರ ಪ್ರಾಯದ ತನ್ನ ತಾಯಿಯಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದನಂತೆ. ತಾಯಿಯನ್ನು ಓಡಿಸಿದ ಮಗನೆಂದರೆ ನಮ್ಮಲ್ಲಿ ಬೇರೆ ಅರ್ಥವಾದೀತು. ಆದರೆ ಈತನ ಕ್ರಮ ಈಗ ಲೋಕವನ್ನೆಲ್ಲ ಸುತ್ತಿದೆ.

ಅರವತ್ತು ಸೆಕೆಂಡು ಎಷ್ಟು ದೀರ್ಘವೆಂಬುದು ಓಡಿದವರಿಗೇ ಗೊತ್ತು. ಮೂರನೆಯ ಆವೃತ್ತಿಗೆ ಭಟ್ಟರು, "ಎಂತ ಮಾರಾಯ್ರೆ, ಗಡಿಯಾರ ನಿಂತಿತಾ?" ಎಂದು ಕೇಳಿದರು. ಅಲ್ಲಿ ನಮಗೆ ಎರಡನೆಯ ನಿಯಮ ತಿಳಿಯಿತು. ಓಡುತ್ತ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯ ಮಾತನಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ನಾಡಿಯ ಲೆಕ್ಕ ಹಾಕುವ ಕೈಗಡಿಯಾರಗಳು ಬಂದಿವೆ ನಿಜ, ಆದರೆ ಈ ಮಾತಿನ ಪರೀಕ್ಷೆ ಖರ್ಚಿಲ್ಲದ್ದು, ಸುಳ್ಳು ಹೇಳದ್ದು. ಕನ್ನಡಿಗರಿಗೆ ಇದಕ್ಕಿಂತ ಹಿತವಾದ ವ್ಯಾಯಾಮ ನಿಯಮ ಬೇರೊಂದಿರಲಾರದು. ಕಲಬುರಗಿಯ ಕನ್ನಡ, ಕುಂದಾಪುರದ ಕನ್ನಡ, ಮೈಸೂರಿನ ಕನ್ನಡ ಮೂರೂ ಏದುಸಿರಿನಲ್ಲಿ ಒಂದೇ ಆಗುತ್ತವೆಂಬುದನ್ನೂ ಆ ದಿನ ಕಂಡುಕೊಂಡೆವು. ವರ್ಷಕ್ಕೆರಡು ಸಲ ಸಭೆಯಲ್ಲಿ ನಮಸ್ಕಾರ ಹೇಳಿಕೊಳ್ಳುತ್ತಿದ್ದವರು ನಾವು. ಟೀಚರಮ್ಮನ ಯಜಮಾನರು ತೀರಿಕೊಂಡು ಏಳು ವರ್ಷವಾಯಿತೆಂಬುದು ನನಗೆ ತಿಳಿದದ್ದು ಅಂದು ಆರನೆಯ ಆವೃತ್ತಿಯ ನಡಿಗೆಯಲ್ಲಿ.

ಈ ಬಗೆಯ ಸಾವಧಾನದ ಓಟಕ್ಕೆ ಒಂದು ಇತಿಹಾಸವಿದೆ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಎಂಬ ತರಬೇತುದಾರನ ಶಿಷ್ಯರು 1960ರ ರೋಮ್ ಒಲಿಂಪಿಕ್ಸಿನಲ್ಲಿ ಎರಡು ಚಿನ್ನ, ಒಂದು ಕಂಚು ಗೆದ್ದರು. ಅವನ ಕೀರ್ತಿಗೆ ಅಷ್ಟೇ ಸಾಕಿತ್ತು. ಆದರೆ ಆ ದಶಕದ ಆರಂಭದಲ್ಲಿಯೇ ಅವನು ಆಕ್ಲೆಂಡಿನಲ್ಲಿ ದಪ್ಪನೆಯ ನಡುವಯಸ್ಸಿನವರನ್ನೂ ಹೃದಯದ ಕಾಯಿಲೆಯಿಂದ ಎದ್ದವರನ್ನೂ ಕೂಡಿಸಿ, ಮಾತನಾಡುತ್ತ ನಿಧಾನವಾಗಿ ಓಡಿಸತೊಡಗಿದ. ಹೃದ್ರೋಗಿ ಎಂದರೆ ಹಾಸಿಗೆ ಬಿಟ್ಟು ಏಳಬಾರದೆಂದು ನಂಬಿದ್ದ ಕಾಲ ಅದು. ಅಲ್ಲಿಗೆ ಹೋಗಿ ನೋಡಿದ ಅಮೆರಿಕದ ಬಿಲ್ ಬವರ್‌ಮನ್ ಈ ಪದ್ಧತಿಯನ್ನು ತನ್ನ ದೇಶಕ್ಕೆ ಒಯ್ದ. ಜಾಗಿಂಗ್ ಎಂಬ ಮಾತು ಮನೆಮಾತಾಯಿತು.

ಮಂಗಳವಾರ ಓಟವಿಲ್ಲ. ಭಟ್ಟರ ಮನೆಯ ಮಾಳಿಗೆಯ ಮೇಲೆ ಕಸರತ್ತು. ಅಂದು ಸಾಹುಕಾರರ ದಿನ. ಅವರ ಅಜ್ಜ ಗರಡಿಯಾಳು. ಹತ್ತು ಬಸ್ಕಿ, ಗೋಡೆಗೆ ಕೈಕೊಟ್ಟು ಹತ್ತು ದಂಡ, ಒಂದೊಂದು ಕಾಲಿನ ಮೇಲೆ ಅರ್ಧರ್ಧ ನಿಮಿಷ ನಿಲ್ಲುವುದು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಲ್ಲಿದೆ. ಅದೇ ಸೂಚನೆಯಲ್ಲಿ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಶ್ರಮ, ಇಲ್ಲವೆ ಅದರ ಅರ್ಧದಷ್ಟು ಓಟದಂಥ ಶ್ರಮ, ಎಂದೂ ಇದೆ. ನಮ್ಮ ಅಜ್ಜಿಯರಿಗೆ ಈ ಸೂಚನೆ ಬೇಕಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಕೂತು ಎದ್ದು, ಬಾವಿಯಿಂದ ನೀರು ಸೇದಿ, ಅವರ ಲೆಕ್ಕ ಬೆಳಗಿನ ಹೊತ್ತಿಗೇ ಮುಗಿದಿರುತ್ತಿತ್ತು. ಎಂದಮಾತ್ರಕ್ಕೆ ಆ ಕಾಲ ಮರಳಿ ಬರಲೆಂದು ಆಶಿಸುವವನು ನಾನಲ್ಲ. ಬೀಸುವ ಕಲ್ಲನ್ನು ಹೊಗಳುವವರು ಅದನ್ನು ತಿರುಗಿಸಿದವರಲ್ಲ.

ಬುಧವಾರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಅಂದು ನೆಕ್ಲೆಸ್ ರಸ್ತೆ. ಹುಸೇನ್ ಸಾಗರದ ದಂಡೆ, ಸಮತಟ್ಟಾದ ನೆಲ, ನೀರಿನ ಮೇಲೆ ತೆಳುವಾದ ಮಂಜು. ಸೋಮವಾರದ ನೋವು ಅಂದಿಗೆ ತೊಡೆಗಳಲ್ಲಿ ಚೆನ್ನಾಗಿ ಬೇರೂರಿತ್ತು. ಇದು ಒಂದೆರಡು ದಿನ ತಡವಾಗಿಯೇ ಬರುವ ನೋವು, ಅಭ್ಯಾಸವಿಲ್ಲದ ಸ್ನಾಯುವಿನದು, ತಾನಾಗಿ ಹೋಗುತ್ತದೆ. ಎರಡು ಬೀದಿನಾಯಿಗಳು ನಮ್ಮನ್ನು ಕಂಡು ಬೊಗಳಿದವು. ಓಟ ನಿಲ್ಲಿಸಿ ನಡೆಯಿರಿ, ಅವುಗಳ ಕಣ್ಣು ದಿಟ್ಟಿಸಬೇಡಿ ಎಂದು ಉಸ್ತಾದಳು ಹೇಳಿಕೊಟ್ಟದ್ದು ಫಲಿಸಿತು. ಹೈದರಾಬಾದಿನಲ್ಲಿ ನಸುಕಿಗೆ ಓಡುವವರು ಬೂಟಿಗಿಂತ ಮೊದಲು ಕಲಿಯಬೇಕಾದ ವಿದ್ಯೆ ಇದು.

ನಾಲ್ಕನೆಯ ಆವೃತ್ತಿಯಲ್ಲಿ ಟೀಚರಮ್ಮ ನಿಂತುಬಿಟ್ಟರು. ರಾಯಚೂರಿನವರ ಕಡೆ ನೋಡಿ, "ನೀವು ಯಾಕೆ ಮಾತಾಡ್ತಾ ಇಲ್ಲ?" ಎಂದರು. ಸೋಮವಾರ ಇಡೀ ದಾರಿ ತುಂಗಭದ್ರೆಯ ಕಾಲುವೆಯ ಕಥೆ ಹೇಳಿದವರು ಅವರು. "ಏನಿಲ್ಲಕ್ಕಾ, ಗ್ಯಾಸು. ರಾತ್ರಿ ಬದನೀಕಾಯಿ ಆಗಿತ್ತು" ಎಂದು ನಕ್ಕರು. ಮುಖದಲ್ಲಿ ಬೆವರು ಓಟದ್ದಾಗಿರಲಿಲ್ಲ, ತಣ್ಣನೆಯ ಬೆವರು. ಎಡಗೈಯಿಂದ ದವಡೆಯನ್ನು ಒತ್ತಿಕೊಳ್ಳುತ್ತಿದ್ದರು. ಮೂವತ್ತು ವರ್ಷ ತರಗತಿಯ ಹಿಂದಿನ ಬೆಂಚಿನ ಸುಳ್ಳುಗಳನ್ನು ಕಂಡ ಟೀಚರಮ್ಮ ಆ ಬದನೆಕಾಯಿಯನ್ನು ನಂಬಲಿಲ್ಲ. ಅವರನ್ನು ಕಟ್ಟೆಯ ಮೇಲೆ ಕೂರಿಸಿದೆವು. ಭಟ್ಟರು ಕಾರು ತಂದರು. ಕಾಲು ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದೆವು.

ಹೃದಯಕ್ಕೆ ಹೋಗುವ ರಕ್ತನಾಳವೊಂದು ತೀರ ಕಿರಿದಾಗಿತ್ತು. ಪೂರ್ತಿ ಮುಚ್ಚಿರಲಿಲ್ಲ. ಆ ರಾತ್ರಿ ಅಲ್ಲಿಯೇ ಇರಿಸಿಕೊಂಡು, ಗುರುವಾರ ಬೆಳಿಗ್ಗೆ ಆಂಜಿಯೋಗ್ರಾಂ ಮಾಡಿ, ಸ್ಟೆಂಟ್ ಹಾಕಿದರು. ಎಂಟು ವರ್ಷದ ಸಕ್ಕರೆ ಕಾಯಿಲೆ ಅವರದು. ಚಲೋ ಇದೆಯೆಂದ ರಿಪೋರ್ಟು ಎರಡು ವರ್ಷ ಹಳೆಯದೆಂದೂ, ಕೆಲವು ವಾರಗಳಿಂದ ಮಹಡಿ ಹತ್ತುವಾಗ ಹೀಗೆಯೇ ಆಗುತ್ತಿತ್ತೆಂದೂ ಅವರೇ ಮಡದಿಯ ಮುಂದೆ ಹೇಳಿದರು. ಅವರ ತಂದೆ 52ನೆಯ ವಯಸ್ಸಿನಲ್ಲಿ ರಾಯಚೂರಿನ ರೈಲ್ವೆ ನಿಲ್ದಾಣದಲ್ಲಿ ಕುಸಿದವರು. ಆ ಭಯದಿಂದಲೇ ಅವರು ಓಟಕ್ಕೆ ಸೇರಿದ್ದು. ಅದೇ ಭಯದಿಂದ ವೈದ್ಯರ ಬಳಿಗೆ ಹೋಗದೆ ಇದ್ದದ್ದು.

ವೈದ್ಯರು ನಮಗೆ ಹೇಳಿದ ಮಾತನ್ನು ವಾಚಕರಿಗೂ ಹೇಳಬೇಕಾಗಿದೆ. ಹೃದಯದ ನೋವು ಎದೆಯಲ್ಲಿಯೇ ಬರಬೇಕೆಂದಿಲ್ಲ. ದವಡೆ, ಕುತ್ತಿಗೆ, ಭುಜ, ತೋಳು, ಮೇಲ್ಹೊಟ್ಟೆ ಎಲ್ಲಿಯೂ ಬರಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಹೆಸರಿಗೆ ಮಾತ್ರ ಬಂದು ಹೋಗಬಹುದು. ಶ್ರಮಪಟ್ಟಾಗ ಕಾಣಿಸಿಕೊಂಡು ಕೂತರೆ ಕಡಮೆಯಾಗುವ ಯಾವ ಒತ್ತಡವನ್ನೂ ಗ್ಯಾಸೆಂದು ನಾವೇ ತೀರ್ಮಾನಿಸಬಾರದು. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10 ಕೋಟಿ ಎಂದು 2023ರಲ್ಲಿ ಪ್ರಕಟವಾದ ವೈದ್ಯ ಸಂಶೋಧನಾ ಮಂಡಳಿಯ ಸಮೀಕ್ಷೆ ಲೆಕ್ಕ ಹಾಕಿದೆ. ನಮ್ಮ ಸಂಘದ ಊಟದ ಪಂಕ್ತಿಯಲ್ಲಿ ಹೋಳಿಗೆ ಬೇಡವೆನ್ನುವವರನ್ನು ಎಣಿಸಿದರೆ ಆ ಲೆಕ್ಕ ಉತ್ಪ್ರೇಕ್ಷೆ ಎನಿಸದು.

ಗುರುವಾರ ಹೀಗೆ ಆಸ್ಪತ್ರೆಯ ಬೆಂಚಿನ ಮೇಲೆ ಕಳೆಯಿತು. ಅಲ್ಲಿ ಕಾಯುತ್ತ ಸಾಹುಕಾರರು ತಮ್ಮ ಬಡಾವಣೆಯ ಕಥೆ ತೆಗೆದರು. ಕಾಚಿಗೂಡವೆಂದರೆ ನಮಗೆ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ನೆನಪಾಗುತ್ತವೆ. ಅದೇ ಕಾಚಿಗೂಡದ ಮಿಡಲ್ ಸ್ಕೂಲಿನಲ್ಲಿ ಒಂದು ಕಾಲಕ್ಕೆ ಮೇಷ್ಟರಾಗಿದ್ದವರು ಸೈಯದ್ ಅಬ್ದುಲ್ ರಹೀಮ್. ವ್ಯಾಯಾಮ ಶಿಕ್ಷಣದ ಡಿಪ್ಲೊಮಾ ಪಡೆದ ಈ ಮೇಷ್ಟರು ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನೂ, ಅನಂತರ ಭಾರತದ ಫುಟ್ಬಾಲ್ ತಂಡವನ್ನೂ ತಿದ್ದಿದರು. 1951ರಲ್ಲಿ ದೆಹಲಿಯ ಏಷ್ಯನ್ ಕ್ರೀಡೆಯ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ, 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಮತ್ತೆ ಚಿನ್ನ. ಆ ಕೊನೆಯ ಗೆಲುವಿನ ಮರುವರ್ಷವೇ, 1963ರಲ್ಲಿ, ಅವರು ಕ್ಯಾನ್ಸರಿನಿಂದ ತೀರಿಕೊಂಡರು. 2024ರಲ್ಲಿ ಮೈದಾನ್ ಎಂಬ ಹಿಂದಿ ಚಿತ್ರ ಬಂದ ಮೇಲೆ ನಮ್ಮ ಮಕ್ಕಳಿಗೂ ಅವರ ಹೆಸರು ಗೊತ್ತಾಗಿದೆ. "ಗೊತ್ತಿದ್ದೇ ಆಡಿಸ್ಯಾರ, ಗೊತ್ತಿದ್ದೇ ಆಡ್ಯಾರ" ಎಂದರು ಸಾಹುಕಾರರು, ಒಳಗಿನ ಬಾಗಿಲಿನ ಕಡೆ ನೋಡುತ್ತ.

ಶುಕ್ರವಾರ ಓಡಬೇಕೋ ಬೇಡವೋ ಎಂದು ಚರ್ಚೆಯಾಯಿತು. ನನಗೆ ಮನಸ್ಸಿರಲಿಲ್ಲ. ತೀರ್ಪು ಕೊಟ್ಟವರು ರಾಯಚೂರಿನವರ ಮಡದಿ. "ನೀವು ಜೊತೆಗಿದ್ದದ್ದಕ್ಕೆ ಗೊತ್ತಾತ್ರೀ. ಒಬ್ಬರೇ ಆಫೀಸಿನ ಮೆಟ್ಟಿಲ ಮ್ಯಾಲ ಇದ್ದಿದ್ದರ ಏನಾಗತಿತ್ತು? ಓಡ್ರಿ" ಎಂದರು. ಓಡಿದೆವು, ಉಸ್ಮಾನಿಯ ವಿಶ್ವವಿದ್ಯಾಲಯದ ಆವರಣದಲ್ಲಿ. 1939ರಲ್ಲಿ ಪೂರ್ಣವಾದ ಆರ್ಟ್ಸ್ ಕಾಲೇಜಿನ ಆ ಗುಲಾಬಿ ಬಣ್ಣದ ಕಲ್ಲಿನ ಕಟ್ಟಡದ ಮುಂದೆ ಎಂಟನೆಯ ಆವೃತ್ತಿ ಮುಗಿದಾಗ ಸೂರ್ಯ ಏರಿದ್ದ. ಸೋಮವಾರದ ಒಂದು ನಿಮಿಷ ಅಂದು ಸ್ವಲ್ಪ ಚಿಕ್ಕದಾಗಿತ್ತು. ಟೀಚರಮ್ಮನ ಮಗಳು, ಮನೆಯಲ್ಲಿ ಇಂಗ್ಲಿಷ್, ಹೊರಗೆ ತೆಲುಗು ಆಡುವ ಕಾಲೇಜು ಹುಡುಗಿ, ಅಂದು ಜೊತೆಗೆ ಬಂದಿದ್ದಳು. ಭಟ್ಟರ ಕನ್ನಡ ಅರ್ಥವಾಗದೆ ಆಕೆ ನಕ್ಕಳು. ಸಾಹುಕಾರರ ಕನ್ನಡ ಕೇಳಿ ಇದು ಹೈದರಾಬಾದಿ ಉರ್ದುವೇ ಎಂದು ಕೇಳಿದಳು. ಆ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ.

ಓಟದ ನಂತರ ಇರಾನಿ ಚಹಾ, ಉಸ್ಮಾನಿಯ ಬಿಸ್ಕತ್ತು. ಉಸ್ತಾದಳು ಇಲ್ಲಿ ನಮ್ಮ ಉತ್ಸಾಹಕ್ಕೆ ತಣ್ಣೀರು ಎರಚಿದಳು. ಒಂದು ಕಿಲೋಮೀಟರು ಓಡಿದರೆ ದೇಹ ತೂಕದ ಪ್ರತಿ ಕಿಲೋಗೆ ಸುಮಾರು ಒಂದು ಕ್ಯಾಲೊರಿ ಖರ್ಚು. 70 ಕಿಲೋ ತೂಗುವವನು 3 ಕಿಲೋಮೀಟರು ಓಡಿದರೂ 210. ನಡಿಗೆ ಬೆರೆತರೆ ಇನ್ನೂ ಕಡಮೆ. ಭಟ್ಟರ ಹೋಟೆಲಿನ ಒಂದು ಮಸಾಲೆ ದೋಸೆಗೆ ಅದು ಸಾಲದು. ತೂಕ ಇಳಿಯುವುದು ಹೆಚ್ಚಾಗಿ ಊಟದ ತಟ್ಟೆಯಲ್ಲಿ. ಓಟ ಬೇಕಾದದ್ದು ಹೃದಯಕ್ಕೆ, ರಕ್ತನಾಳಕ್ಕೆ, ನಿದ್ದೆಗೆ. ಭಟ್ಟರು ಇದನ್ನು ತಮ್ಮ ವ್ಯಾಪಾರದ ಮೇಲಿನ ಆಕ್ರಮಣವೆಂದು ಭಾವಿಸಿದರು. ಜೋಳದ ರೊಟ್ಟಿ, ಕಾಳಿನ ಪಲ್ಯ, ಮಜ್ಜಿಗೆ ಇವುಗಳ ಬಗ್ಗೆ ಮಾತ್ರ ಎಲ್ಲರೂ ಒಮ್ಮತಕ್ಕೆ ಬಂದರು.

ಕೂತು ಮಾಡುವ ಕೆಲಸಕ್ಕೂ ಹೃದಯಕ್ಕೂ ಇರುವ ಸಂಬಂಧವನ್ನು ಮೊದಲು ಲೆಕ್ಕ ಹಾಕಿ ತೋರಿಸಿದ್ದು ಬಸ್ಸಿನಲ್ಲಿ ಎಂದರೆ ಆಶ್ಚರ್ಯವಾಗಬಹುದು. ಆಗ ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ದಿನವೆಲ್ಲ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ಟಿಗಾಗಿ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ. ಜೆರೆಮಿ ಮಾರಿಸ್ ಎಂಬ ವೈದ್ಯರು ಇವರಿಬ್ಬರನ್ನೂ ಹೋಲಿಸಿ 1953ರಲ್ಲಿ ಪ್ರಕಟಿಸಿದರು: ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಮೆ, ಬಂದರೂ ಸೌಮ್ಯ. ನಮ್ಮೂರಿನ ಹಳೆಯ ಡಬಲ್ ಡೆಕ್ಕರನ್ನು ಕಂಡವರಿಗೆ ಈ ಮಾತು ಬೇಗ ಮನದಟ್ಟಾದೀತು. ಬ್ಯಾಂಕಿನ ಮ್ಯಾನೇಜರು, ಸರಕಾರದ ಗುಮಾಸ್ತ, ಕಂಪ್ಯೂಟರಿನ ಮುಂದಿನ ತರುಣರು, ನಾವೆಲ್ಲರೂ ಡ್ರೈವರುಗಳೇ.

ಶನಿವಾರದ ಬಸ್ಕಿಗಳ ವಿಷಯ ಬಿಡೋಣ. ಅಂದು ಸಂಜೆ ರಾಯಚೂರಿನವರು ಮನೆಗೆ ಬಂದರು.

ಭಾನುವಾರ ನಮ್ಮ ಕಾರ್ಯಕ್ರಮದಲ್ಲಿ 5 ಕಿಲೋಮೀಟರು ನಡಿಗೆಯಿತ್ತು, ಗಚ್ಚಿಬೌಲಿಯಲ್ಲಿ. ಹೈದರಾಬಾದ್ ಮ್ಯಾರಥಾನಿನ ಓಟಗಾರರು ಬಂದು ಮುಟ್ಟುವ ಬಾಲಯೋಗಿ ಕ್ರೀಡಾಂಗಣವನ್ನು ತೋರಿಸಬೇಕೆಂದು ಉಸ್ತಾದಳ ಆಸೆ. 2002ರ ರಾಷ್ಟ್ರೀಯ ಕ್ರೀಡೆಗಳೂ 2007ರ ಸೈನಿಕರ ವಿಶ್ವ ಕ್ರೀಡೆಗಳೂ ಈ ನಗರದಲ್ಲಿ ನಡೆದವಲ್ಲ, ಆ ಕಾಲದ ಕ್ರೀಡಾಂಗಣ. 2007ರಲ್ಲಿ ಹುಟ್ಟಿದ ಹೈದರಾಬಾದ್ ರನ್ನರ್ಸ್ ಎಂಬ ಓಟಗಾರರ ಸಂಸ್ಥೆ ನಡೆಸುವ ಈ ಮ್ಯಾರಥಾನಿನಲ್ಲಿ ಪೂರ್ಣ ದೂರದವರು ನೆಕ್ಲೆಸ್ ರಸ್ತೆಯಿಂದ ಹೊರಟು ನಗರದ ಮೇಲ್ಸೇತುವೆಗಳನ್ನೆಲ್ಲ ಹತ್ತಿಳಿದು ಇಲ್ಲಿಗೆ ಬರುತ್ತಾರೆ. ಆಗಸ್ಟಿನ ಜಿಗುಟು ಹವೆ, ಬಂಡೆಗಳ ಮೇಲೆ ಕಟ್ಟಿದ ಊರಿನ ಏರಿಳಿತ. ಇದು ಕಷ್ಟದ ಓಟವೆಂದು ಓಡಿದವರ ಅಭಿಪ್ರಾಯ.

ಮ್ಯಾರಥಾನ್ ಎಂದಾಗ ನನಗೆ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರ ನೆನಪಾಗುತ್ತದೆ. 1919ರ ಪುಣೆಯ ಡೆಕ್ಕನ್ ಜಿಮಖಾನಾದ ಸ್ಪರ್ಧೆಯಲ್ಲಿ ಬರಿಗಾಲಿನಲ್ಲಿ ಓಡುವ ಹಳ್ಳಿಯವರನ್ನು ಕಂಡ ದೊರಾಬ್ಜಿ ತಾತಾ ಅವರಿಗೆ ಭಾರತದಿಂದ ಒಲಿಂಪಿಕ್ಸಿಗೆ ತಂಡ ಕಳುಹಿಸುವ ವಿಚಾರ ಹೊಳೆಯಿತು. ಮರುವರ್ಷ, 1920ರಲ್ಲಿ, ಆಂಟ್ವರ್ಪಿಗೆ ಹೋದವರಲ್ಲಿ ಚೌಗುಲೆ ಒಬ್ಬರು. ಆ ಸಲದ ಹಾದಿ 42.75 ಕಿಲೋಮೀಟರು. 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾಗಿ ಬಂದರು. ನೂರು ವರ್ಷಕ್ಕೂ ಹಿಂದಿನ ಆ ಕಾಲವನ್ನು ಇಂದು ನಮ್ಮ ಎಷ್ಟು ಜನ ಮುಟ್ಟಿಯಾರು? ಬೆಳಗಾವಿಯ ಗಡಿ ವಿವಾದ ಗೊತ್ತಿರುವಷ್ಟು ಜನಕ್ಕೆ ಬೆಳಗಾವಿಯ ಈ ಓಟಗಾರ ಗೊತ್ತಿಲ್ಲದಿರುವುದು ವಿಷಾದದ ಸಂಗತಿ.

ಕ್ರೀಡಾಂಗಣದಿಂದ ನೇರವಾಗಿ ರಾಯಚೂರಿನವರ ಮನೆಗೆ ಹೋದೆವು. ದಿಂಬಿಗೆ ಒರಗಿ ಕೂತಿದ್ದರು. ವೈದ್ಯರು ಸದ್ಯಕ್ಕೆ ಮನೆಯೊಳಗೆ, ಆಮೇಲೆ ಅಂಗಳದಲ್ಲಿ, ದಿನಕ್ಕಿಷ್ಟು ನಿಮಿಷವೆಂದು ನಡಿಗೆಯ ಚೀಟಿ ಬರೆದುಕೊಟ್ಟಿದ್ದರು. ಅದನ್ನು ಗೋಡೆಗೆ ಅಂಟಿಸಿದ್ದರು. ಟೀಚರಮ್ಮ ಚೀಟಿಯನ್ನು ಎರಡು ಸಲ ಓದಿ, "ಹಾಜರಿ ನಾನು ತಗೋತೀನಿ" ಎಂದರು.

"ತಗೊಳ್ರಿ ಅಕ್ಕಾ. ಇವತ್ತಿಂದು ಐದು ನಿಮಿಷ ಆಗೇದ" ಎಂದು ರಾಯಚೂರಿನವರು ಮಡದಿಯ ಕಡೆ ನೋಡಿದರು. ಆಕೆ ಹೌದೆಂದು ತಲೆ ಆಡಿಸಿದ ಮೇಲೆಯೇ ಟೀಚರಮ್ಮ ಚೀಟಿಯ ಮೇಲೆ ಗುರುತು ಹಾಕಿದರು.

ಎರಡನೆಯ ವಾರ 90 ಸೆಕೆಂಡು ಓಟ, 2 ನಿಮಿಷ ನಡಿಗೆ. ಸೋಮವಾರ ಬೆಳಿಗ್ಗೆ ಐದೂವರೆಗೆ, ಕೆ.ಬಿ.ಆರ್. ಉದ್ಯಾನದ ಮುಂದೆ. ಬರುವವರು ಈ ವರ್ಷದ ರಿಪೋರ್ಟು ತರಬೇಕು. ಟೀಚರಮ್ಮ ದಿನಾಂಕ ನೋಡುತ್ತಾರೆ.